ಗಿರವಿಗೆ ಬಾರದ ನೀಲಿ

— ಸರ, ಈ ಹಾಳಿ ಜರಾ ನೋಡ್ರಿ. ನಮ್ಮ ಓಣ್ಯಾಗ ಬ್ಯೂಟಿ ಪಾರ್ಲರ್ ಐತಲ್ಲ, ಅಲ್ಲೆ ಹಳೇ ಮಾಸಪತ್ರಿಕಿ ಒಟ್ಟಿರತಾರ. ಕೇಳಿ ಹರಕೊಂಡು ಬಂದೀನಿ.

— ಕೇಳಿ ಹರದಿ ಏನು, ಹರದು ಕೇಳಿದಿ?

— ಅದನ್ನ ಬಿಡ್ರಿ. ಈಕಿ ಕೊರಳಾಗ ಹಾಕ್ಕೊಂಡಾಳಲ್ಲ, ಅದು ಯಾತರದು ಹೇಳ್ರಿ. ಇಷ್ಟು ವರ್ಷ ಸಾಲ್ಯಾಗ ಡ್ರಾಯಿಂಗ್ ಕಲಿಸೀರಿ, ನಿಮಗ ಗೊತ್ತಾಗತೈತಿ.

— ತಡಿ ತಂಗಿ, ಚಾಳೀಸ ಹಾಕ್ಕೊಂತೀನಿ. ಹಾಂ. ಇದು ಸೀರಿ ಜಾಹೀರಾತೇನು?

— ಅಲ್ರಿ, ಮಳಿಗಾಲಕ್ಕ ಯಾವ ಬಣ್ಣ ಒಪ್ಪತಾವ ಅಂತ ಒಂದು ಲೇಖನ. ಸೀರಿ ಯಾವ ಅಂಗಡೀದು, ಕುಪ್ಪಸ ಹೊಲದವ್ರು ಯಾರು, ಮಾರಿಗೆ ಬಣ್ಣ ಹಚ್ಚಿದವ್ರು ಯಾರು, ಫೋಟೋ ಹೊಡದವ್ರು ಯಾರು, ಎಲ್ಲಾ ಕೆಳಗ ಸಣ್ಣ ಅಕ್ಷರದಾಗ ಹಾಕ್ಯಾರ. ಕೊರಳಾಗಿನದಕ್ಕ ಮಾತ್ರ ‘ಒಡವೆ: ಸ್ವಂತ ಸಂಗ್ರಹ’ ಅಂತ ಬರದು ಮುಗಿಸ್ಯಾರ. ಯಾರ ಸ್ವಂತ ಅಂತ ಸುದ್ದಾ ಹೇಳಿಲ್ಲ.

— ಇವರ ಶಾಣೇತನ ಅಲ್ಲೇ ಐತಿ ನೋಡು. ಪೌಡರ್ ಬಡದವ್ರಿಗೆ ಹೆಸರೈತಿ. ಸೀರಿ ನೇಯ್ದವ್ರಿಗೂ ಇಲ್ಲ, ಮಣ್ಣು ಸುಟ್ಟವ್ರಿಗೂ ಇಲ್ಲ. ಬೆಟಗೇರಿಯಾಗ ಮಗ್ಗದ ಸಪ್ಪಳ ಕೇಳಕೋತ ಬೆಳದವ ನಾನು, ಇದನ್ನ ನೋಡಿದ್ರ ಸಿಟ್ಟು ಬರತೈತಿ. ಇರ್ಲಿ. ಕಂಡದ್ದು ಮೊದಲು ನೋಡೂಣು. ಉದ್ದನ್ನ ದಾರ, ನಡುವ ಒಂದು ಬಿಲ್ಲಿ. ಬಿಲ್ಲಿ ಅರ್ಧಾ ಸೆರಗಿನಾಗ ಮುಚ್ಚೈತಿ. ಬಿಳೀ ಮೈ, ಮ್ಯಾಲ ನೀಲಿ ಹೂವು, ಹೂವಿನ ಸುತ್ತ ಇನ್ನೊಂದು ನೀಲಿ, ಹಸರಿಗೆ ವಾಲಿದ್ದು. ದಾರದಾಗ ಅಲ್ಲಲ್ಲೆ ಸಣ್ಣ ಗುಂಡು.

— ಪ್ಲಾಸ್ಟಿಕ್ ಅಲ್ಲಲ್ರಿ?

— ಅಲ್ಲ. ಬೆಳಕು ಎಲ್ಲೆ ಬಿದ್ದೈತಿ ನೋಡು. ಕಿಟಕಿ ಚೌಕಟ್ಟು ಎಣಸೂ ಹಂಗ ಚೂಪಾಗಿ ನಿಂತೈತಿ. ಪ್ಲಾಸ್ಟಿಕ್ ಮ್ಯಾಲ ಆಗಿದ್ರ ಮಬ್ಬಾಗಿ ಹರಡಿರತಿತ್ತು. ಇದು ಗಾಜಿನ ಮೆರುಗು. ಇನ್ನ ಈ ತೂತಿನ ಬಾಯಿ ನೋಡು. ಅಲ್ಲೊಂದು ಕಡೆ ಮೆರುಗಿಲ್ಲ, ಒರಟು ಬಿಳುಪು ಐತಿ. ತೂತಿನಾಗ ಮೆರುಗು ಉಳದ್ರ ಬೆಂಕ್ಯಾಗ ಕರಗಿ ಮುಚ್ಚಿ ಬಿಡತೈತಿ, ಅದಕ್ಕ ಮೊದಲ ಒರಸಿ ತಗೀತಾರ. ಇದು ಸುಟ್ಟ ಸಾಮಾನ. ಪಿಂಗಾಣಿ ವಂಶದ್ದು.

— ನಾ ಫೋನಿನ್ಯಾಗ ‘ಸೆರಾಮಿಕ್ ಜುವೆಲ್ಲರಿ’ ಅಂತ ಹುಡುಕಿದ್ರ ಗಂಡಸರ ಕರೀ ಉಂಗುರ ಬಂದ್ವು.

— ಅದು ಜಿರ್ಕೋನಿಯಾ. ನುಣ್ಣನ್ನ ಪುಡಿ ಒತ್ತಿ, ಭಾರೀ ಶಾಖದಾಗ ಗಟ್ಟಿ ಮಾಡಿದ್ದು. ರಾಡೋ ಕಂಪನಿ 1986ರಾಗ ಅಂಥಾ ಸೆರಾಮಿಕ್ ಪಟ್ಟಿ ಹಾಕಿ ವಾಚು ತಗೀತು, ಗೀರು ಬೀಳಂಗಿಲ್ಲ ಅಂತ ಹೆಸರಾತು. ಅದಕ್ಕೂ ಕುಂಬಾರನ ತಿಗರಿಗೂ ಸಂಬಂಧ ಇಲ್ಲ.

— ‘ಕ್ಲೇ’ ಅಂತ ಹಾಕಿದ್ರ ಗುಲಾಬಿ ಬಣ್ಣದ, ಹಳದಿ ಬಣ್ಣದ ಹೂವಿನ ಓಲೆ.

— ಅದು ಪಾಲಿಮರ್ ಕ್ಲೇ. ಹೆಸರಿಗಷ್ಟ ಮಣ್ಣು, ಒಳಗೆಲ್ಲಾ ಪಿವಿಸಿ. ಮನಿ ಓವನ್ನಿನಾಗ 130 ಡಿಗ್ರಿಗೆ ಇಟ್ಟು ತಗದ್ರ ಮುಗೀತು. ಚಂದ ಕಾಣತಾವ, ಹಗೂರ ಇರತಾವ, ನಾ ಬೈಯಂಗಿಲ್ಲ. ಆದ್ರ ನೀ ಬೆನ್ನು ಹತ್ತಿದ್ದು ಅದನ್ನಲ್ಲ.

— ನಾ ಸುಮ್ಮನ ಕುಂತಿಲ್ರಿ. ಸರಾಫರ ಅಂಗಡಿಗೆ ಹೋಗಿ ಬಂದೀನಿ. ಹಾಳಿ ತೋರಿಸಿದ್ದಕ್ಕ ಅವರು ಮಂದಿ ಮುಂದ ನಕ್ಕರು. ‘ಇದರಾಗ ತೂಕಾ ಹಾಕೂದು ಏನೈತಿ ಯವ್ವಾ’ ಅಂದ್ರು. ಬಾಜೂಕ ಕುಂತಿದ್ದ ಹೆಣಮಗಳೂ ನಕ್ಕಳು. ಆಕಿ ತಂದಿದ್ದ ಝುಮಕಿ ತಕ್ಕಡ್ಯಾಗ ಏರಿಳಿಯಾಕ ಹತ್ತಿತ್ತು.

— ಅವರ ತಪ್ಪಲ್ಲ ಅದು. ಸರಾಫ ಮಾರಿದ್ದೆಲ್ಲಾ ಒಂದಿಲ್ಲೊಂದು ದಿನ ಅವನ ಕಟಾಂಜನಕ್ಕ ತಿರುಗಿ ಬರತೈತಿ. ಬಂದಾಗ ಒರೆಗಲ್ಲಿಗೆ ತಿಕ್ಕಬೇಕು, ಕರಗಿಸಬೇಕು, ಸವಕಳಿ ಕಳದು ರೊಕ್ಕ ಎಣಿಸಬೇಕು. ಕರಗಲಾರದ್ದನ್ನ ಅವ ತಗೊಂಡು ಏನು ಮಾಡ್ಯಾನು? ನಮ್ಮ ಕಡೆ ಒಡವಿ ಅಂಗಡಿ ಅಂದ್ರ ಅರ್ಧಾ ಬ್ಯಾಂಕು.

— ಅರ್ಧಾ ಅಲ್ರಿ, ಪೂರಾ. ನಮ್ಮ ತವರಮನಿ ಮುಂಡರಗಿ ಕಡೆ ಹಳ್ಳಿ. ಅವ್ವನ ಬೋರಮಾಳ ಪ್ರತಿ ಮುಂಗಾರಿಗೆ ಗಿರವಿಗೆ ಹೋಗತಿತ್ತು. ಬೀಜ, ಗೊಬ್ಬರ, ಆಳಿನ ಪಗಾರ. ಹೆಸರು ಕಾಳು ಮಾರಿ ಬಂದ ರೊಕ್ಕದಾಗ ಬಿಡಿಸಿಕೊಂಡು ಬರತಿದ್ದರು. ಹೆಸರಿಗೆ ರೋಗ ಬಿದ್ದ ವರ್ಷ ಉಳ್ಳಾಗಡ್ಡಿ ಬರೂತನಕಾ ಅಲ್ಲೇ. ಅವ್ವ ಅದನ್ನ ಕೊರಳಾಗ ಹಾಕ್ಕೊಂಡಿದ್ದು ಯಾವಾಗ ಅಂದ್ರ ಮದುವಿ ಫೋಟೋದಾಗ ನೋಡಿದ್ದು ನೆನಪೈತಿ, ಅಷ್ಟ.

— ಆ ಬೋರಮಾಳದ ಮ್ಯಾಲ ನಿನ್ನ ಬಿ.ಎಡ್. ಫೀಸೂ ತುಂಬಿದ್ದಾತು. ಅದನ್ನ ಮರೀಬ್ಯಾಡ.

— ಮರತಿಲ್ರಿ. ಅದಕ್ಕ ಹೇಳೂದು. ನನ್ನ ಲಗ್ನದಾಗ ಹಾಕಿದ ಬಂಗಾರನೂ ಹಂಗ. ನನ್ನ ಕೊರಳಾಗ ಇರತೈತಿ, ಲೆಕ್ಕ ಮನಿ ಮಂದೀದೆಲ್ಲಾ ಇರತೈತಿ. ಅಂಗಡಿಗೆ ಮಾಲು ತುಂಬಬೇಕಾದ್ರ ಎಲ್ಲಾರ ಕಣ್ಣೂ ಮೊದಲು ನನ್ನ ಕೊರಳಿಗೆ ಬರತಾವ. ಬ್ಯಾಡ ಅನ್ನಾಕ ಬರಂಗಿಲ್ಲ, ಅನ್ನೂದು ಸರೀನೂ ಅಲ್ಲ. ಆದ್ರ ಈ ಹಾಳ್ಯಾಗ ಇದನ್ನ ನೋಡಿದಾಗ ಅನಿಸ್ತು, ಇದನ್ನ ಯಾರೂ ಕೇಳಂಗಿಲ್ಲ. ಯಾವ ಬ್ಯಾಂಕಿನವ್ರೂ ಇಟ್ಟುಕೊಳ್ಳಂಗಿಲ್ಲ. ನಾ ಹಾಕ್ಕೊಂಡೆ, ತಗದೆ, ಒಡೀತು ಅಂದ್ರ ನಂದ ಒಡೀತು.

— ಕಷ್ಟ ಬಂದಾಗ ಕೈ ಹಿಡಿಯಲಾರದ ಒಡವಿ ಹೆಣ್ಮಕ್ಕಳಿಗೆ ಯಾತಕ್ಕ ಅಂತ ನಿಮ್ಮ ಅವ್ವ ಕೇಳಿದ್ರ?

— ಕೇಳ್ಯಾಳ. ಬಂಗಾರ ಬಿಡು ಅಂತ ನಾ ಎಲ್ಲೆ ಹೇಳೀನಿ? ಒಂದು ಖಾತೆಯಾಗ ಇರ್ಲಿ, ಇನ್ನೊಂದು ಕೊರಳಾಗ ಇರ್ಲಿ ಅಂದೆ. ಆಕಿಗೆ ಒಪ್ಪಿಗಿ ಆಗಿಲ್ಲ.

— ನಿನ್ನ ಮಾತಿಗೆ ಜೋಡಾಗಿ ಇನ್ನೊಂದು ನೆನಪಾತು. ಮಣ್ಣಿನ ಬಿಲ್ಲಿ ಹಾಕ್ಕೊಳ್ಳೂದು ಬಡವರ ಕೆಲಸ ಅಂತ ಸರಾಫ ತಿಳದಾನ. 1787ರಾಗ ಇಂಗ್ಲೆಂಡಿನಾಗ ಜೋಸಾಯಾ ವೆಜ್‌ವುಡ್ ಅನ್ನೂ ಪಿಂಗಾಣಿ ಕಾರಖಾನಿ ಧಣಿ ಒಂದು ಬಿಲ್ಲಿ ಮಾಡಿಸಿದ. ಬಿಳಿ ಹಾಸಿನ ಮ್ಯಾಲ ಕರೀ ಉಬ್ಬುಚಿತ್ರ, ಸಂಕೋಲಿ ಬಿಗಿಸಿಕೊಂಡು ಮೊಣಕಾಲೂರಿದ ಗುಲಾಮ. ಗುಲಾಮರ ವ್ಯಾಪಾರ ನಿಲ್ಲಿಸ್ರಿ ಅನ್ನೂ ಚಳವಳಿ ಸಲುವಾಗಿ ಅದನ್ನ ಪುಕ್ಕಟ ಹಂಚಿದ. ಅಲ್ಲಿ ಶ್ರೀಮಂತ ಮನಿ ಹೆಣ್ಮಕ್ಕಳು ಅದನ್ನ ಕೈಕಡಗಕ್ಕ ಕೂಡಿಸಿಕೊಂಡ್ರು, ಕೂದಲದ ಪಿನ್ನಿಗೆ ಹಚ್ಚಿಕೊಂಡ್ರು. ಕಾಯ್ದೆ ಬರಾಕ 1807 ಆತು. ಬಂಗಾರದ ಒಡವಿ ಹಾಕ್ಕೊಂಡು ಆ ಮಾತು ಹೇಳಾಕ ಬರತಿರಲಿಲ್ಲ.

— ನಾ ಯಾವ ಚಳವಳಿನೂ ಮಾಡಂಗಿಲ್ರಿ. ನನಗ ಆ ನೀಲಿ ಬೇಕು.

— ಆತು, ನೀಲಿಗೇ ಬರೂಣು. ಸರಾಫನ ಕಡಿಂದ ಎಲ್ಲೆ ಹೋದಿ?

— ಕುಂಬಾರ ಓಣಿಗೆ. ಅಲ್ಲೆ ಒಬ್ಬರು ಕಾಕಾ ಅದಾರ, ನಮ್ಮ ಮನಿಗೆ ಮಣ್ಣೆತ್ತು, ಗುಳ್ಳವ್ವ ಅವರ ಕಡಿಂದನ ಬರತಾವ. ಹಾಳಿ ನೋಡಿದ್ರು, ನಗಲಿಲ್ಲ. ‘ಮಣಿ ಮಾಡೂದು ದೊಡ್ಡ ಕೆಲಸ ಅಲ್ಲ, ಬಿಳೀ ಹೆಂಗ ಮಾಡೂದು’ ಅಂದ್ರು. ಅಲ್ಲೇ ಒಂದು ಚಿಟಿಕಿ ಹದ ಮಣ್ಣು ತಗೊಂಡು ಅಂಗೈಯಾಗ ಹೊಳ್ಳಿಸಿ ಗುಂಡು ಮಾಡಿದ್ರು. ಕಸಬರಿಗಿಯಿಂದ ಒಂದು ಕಡ್ಡಿ ಮುರದು ನಡುವ ಚುಚ್ಚಿದ್ರು, ಕಡ್ಡಿ ಹೊರಗ ತಗೀಲೇ ಇಲ್ಲ. ‘ತಗದ್ರ ತೂತಿನ ಬಾಯಿ ಹರೀತೈತಿ. ಇರ್ಲಿ, ಆವಿಗ್ಯಾಗ ಕಡ್ಡಿ ಸುಟ್ಟು ಬೂದಿ ಆಕ್ಕೈತಿ, ತೂತು ತಾನ ಉಳೀತೈತಿ’ ಅಂದ್ರು. ಹಂಗ ಒಂದು ಸಾಲು ಮಾಡಿ ನೆರಳಿಗೆ ಇಟ್ರು.

— ಶಾಣ್ಯಾ ಮನಶಾ. ಸುಟ್ಟ ಮ್ಯಾಲ?

— ಇಲ್ಲೆ ತಂದೀನಿ ನೋಡ್ರಿ. ಕೆಂಪಗ ಚಂದ ಆಗ್ಯಾವ. ಆದ್ರ ಇದೊಂದು ನೋಡ್ರಿ, ತಂದಾಗ ಸರಿ ಇತ್ತು. ನಾಕು ದಿನ ಬಿಟ್ಟು ನೋಡಿದ್ರ ಮೈಮ್ಯಾಲಿಂದ ಒಂದು ಚೆಕ್ಕಿ ಹಾರಿ ಬಿದ್ದಿತ್ತು. ಕುಣಿ ನಡುವ ಬಿಳೀ ಚುಕ್ಕಿ.

— ಸುಣ್ಣ ಅದು. ನಮ್ಮ ಎರೀ ಭೂಮ್ಯಾಗ ಸುಣ್ಣಗಲ್ಲಿನ ಹಳ್ಳು ಇರತಾವಲ್ಲ, ಅದರ ಪುಡಿ. ಸುಟ್ಟಾಗ ಹಳ್ಳು ಸುಟ್ಟ ಸುಣ್ಣ ಆಕ್ಕೈತಿ. ಹೊರಗ ತಗದ ಮ್ಯಾಲ ಗಾಳಿಯಾಗಿನ ತೇವ ಕುಡದು ಉಬ್ಬತೈತಿ, ಉಬ್ಬಿ ಮ್ಯಾಲಿನ ಚೆಕ್ಕಿ ಹಾರಸತೈತಿ. ಗಡಿಗ್ಯಾಗ ಒಂದು ಚೆಕ್ಕಿ ಹಾರಿದ್ರ ಯಾರು ಕೇಳತಾರ? ಕಡ್ಲಿಕಾಳಿನಷ್ಟು ಮಣಿಯಾಗ ಹಾರಿದ್ರ ಅರ್ಧಾ ಮಣೀನ ಹೋತು. ಅದೂ ಅಲ್ದ ಎರೀಮಣ್ಣು ಹಸಿ ಇದ್ದಾಗ ಉಬ್ಬತೈತಿ, ಒಣಗಿದ್ರ ಬಾಯಿ ಬಿಡತೈತಿ. ಬ್ಯಾಸಗಿಯಾಗ ಹೊಲ ಬಿರಿಯೂದು ನೋಡಿಲ್ಲೇನು? ಅದಕ್ಕ ಕುಂಬಾರರು ಕೆರಿ ಮಣ್ಣು ತಂದು, ಉಸುಕು, ಬೂದಿ ಕೂಡಿಸಿ ಹದ ಮಾಡತಾರ.

— ಮಸಾರಿ ಮಣ್ಣಿನಾಗ ಮಾಡಿದ್ರ?

— ಮಸಾರಿಯಾಗ ಕಬ್ಬಿಣ ಭಾಳ. ಸುಟ್ರ ಕೆಂಪು, ಹೊಗಿ ಹಾಕಿ ಸುಟ್ರ ಕಪ್ಪು. ಎರಡೂ ನೀಲಿ ಹಿಡಿಯಾಕ ಬರಂಗಿಲ್ಲ. ಬಿಳೀ ಮೈ ಬೇಕಂದ್ರ ಬಿಳೀ ಜೇಡಿ ಬೇಕು, ಇಲ್ಲಾ ಬೆಣಚುಕಲ್ಲಿನ ಪುಡಿ ಬೇಕು. ಒಂದು ತಮಾಷಿ ಹೇಳತೀನಿ. ಬಾಸೆಲ್ ಮಿಶನ್ನಿನವ್ರು ಬೆಟಗೇರಿಗೆ 1841ರಾಗ ಬಂದು ಠಾಣ್ಯ ಹಾಕಿದ್ರು. ಹಂಚಿನ ಕಾರಖಾನಿ ಮಾತ್ರ ಮಾಡಿದ್ದು ಮಂಗಳೂರಾಗ, 1865ರಾಗ. ಅಲ್ಲಿ ನೇತ್ರಾವತಿ ದಂಡಿ ಮಣ್ಣು, ಹಡಗಿನ ಬಂದರು, ಸುಡಾಕ ಕಟ್ಟಿಗಿ. ಇಲ್ಲೆ ಏನಿತ್ತು? ನಮ್ಮ ಮನಿ ಮ್ಯಾಲಿನ ಹಂಚೂ ಅಲ್ಲಿಂದನ ರೈಲಿನ್ಯಾಗ ಬಂದವು.

— ಹಂಗಾದ್ರ ಶಿರಹಟ್ಟಿ ಜಾತ್ರ್ಯಾಗ ಸಿಕ್ಕದ್ದು?

— ಅಲ್ಲೂ ಸಿಕ್ತೇನು?

— ಫಕೀರೇಶ್ವರ ಜಾತ್ರಿಗೆ ಹೋದಾಗ ಒಂದು ಅಂಗಡ್ಯಾಗ ‘ಟೆರ್ರಾಕೋಟಾ ಸೆಟ್’ ಅಂತ ಇಟ್ಟಿದ್ರು. ನೀಲಿ, ಬಂಗಾರದ ಅಂಚು. ಹಾಕ್ಕೊಂಡು ಬಸ್ಸಿನ್ಯಾಗ ಬರೂದರಾಗ ಬಿಸಲಿಗೆ ಬೆವತು ಕೊರಳೆಲ್ಲಾ ನೀಲಿ ಆಗಿತ್ತು. ಮನ್ಯಾಗ ಎಲ್ಲಾರೂ ನಂಜು ಏರೈತಿ ಅಂತ ನಕ್ಕಿದ್ದ ನಕ್ಕಿದ್ದು.

— ಸುಟ್ಟ ಮ್ಯಾಲ ಬ್ರಶ್ಶಿನ್ಯಾಗ ಬಳದ ಬಣ್ಣ ಅದು. ಚಲೋ ಕೆಲಸಗಾರರು ಅಕ್ರಿಲಿಕ್ ಹಚ್ಚಿ ಮ್ಯಾಲ ವಾರ್ನಿಶ್ ಹೊಡೀತಾರ, ಅವರವು ಭಾಳ ದಿನ ಬಾಳತಾವ. ಇವ ಪೋಸ್ಟರ್ ಕಲರ್ ಹಚ್ಚಿರಬೇಕು. ಬೆಂಕಿ ಕಂಡ ಬಣ್ಣ ಬ್ಯಾರೆ, ಬೆಂಕಿ ಕಾಣಲಾರದ ಬಣ್ಣ ಬ್ಯಾರೆ. ಮುಂದ ಹೇಳು.

— ಆಮ್ಯಾಲ ಲಕ್ಷ್ಮೇಶ್ವರಕ್ಕ ಹೋಗಿದ್ದೆ, ನಮ್ಮ ನಾದಿನಿ ಸೀಮಂತಕ್ಕ ಬಳಿ ತರಾಕ. ಬಳಿ ಅಂಗಡ್ಯಾವರಿಗೆ ಸುಮ್ಮನ ಹಾಳಿ ತೋರಿಸಿದೆ. ನೋಡಿದ ಕೂಡಲೆ ಅವರು ‘ಇದು ಜೈಪುರ ಮಾಲು’ ಅಂದ್ರು! ಒಂದು ಸಲ ಬಳಿ ಜೋಡಿ ಇವನ್ನೂ ತರಿಸಿದ್ರಂತ, ಹೋಗಲಿಲ್ಲಂತ. ಯಾಕಂದ್ರ ಬಂದ ಹೆಣ್ಮಕ್ಕಳೆಲ್ಲಾ ಒಂದ ಪ್ರಶ್ನಿ ಕೇಳಿದ್ರಂತ, ‘ಇದು ಒಡೀತೈತೇನು?’

— ಯಾರು, ಗಾಜಿನ ಬಳಿ ಇಡಿಸಿಕೊಳ್ಳಾಕ ಕೈ ಚಾಚಿ ಕುಂತವ್ರೇನು?

— ಅವರ! ಬಳಿ ಅಂಗಡ್ಯಾವರಿಗೂ ಅದ ನಗಿ. ‘ಫಿರೋಜಾಬಾದಿನ ಗಾಜು ಡಜನ್‌ಗಟ್ಟಲೆ ಒಡದು ಹಾಕತಾರ, ಅದಕ್ಕ ಏನೂ ಅನ್ನಂಗಿಲ್ಲ. ಕೊರಳಾಗಿಂದು ಒಡೀಬಾರದು ಅಂತಾರ’ ಅಂದ್ರು.

— ನೋಡು, ನೀ ಮೊದಲ ಅಲ್ಲಿಗೇ ಹೋಗಬೇಕಿತ್ತು. ಒಡಿಯೂ ಒಡವಿ ಮಾರೂ ಧೈರ್ಯ ನಮ್ಮ ಕಡೆ ಇರೂದು ಬಳಿಗಾರಗ ಒಬ್ಬಗ. ಅವ ತಿರುಗಿ ಕೊಳ್ಳಂಗಿಲ್ಲ, ತೂಕಾ ಮಾಡಂಗಿಲ್ಲ. ಕೈ ನೋಡತಾನ, ಅಳತಿ ನೋಡತಾನ, ಬಣ್ಣ ಹೊಂದತೈತೋ ಇಲ್ಲೋ ನೋಡತಾನ. ನಿನ್ನ ಬಿಲ್ಲಿಗೆ ಅವ ಖರೇ ಸರಾಫ.

— ಅವರ ಹತ್ರ ಆ ಮಾಲು ಉಳದಿರಲಿಲ್ರಿ. ವಿಳಾಸನೂ ಇರಲಿಲ್ಲ. ಜೈಪುರ ಅಂತ ಗೊತ್ತಾತು, ಅಷ್ಟ. ಅದಾದ ಮ್ಯಾಲ ಮುಂಡರಗ್ಯಾಗ ಸಿಕ್ಕಿದ್ದು ಇದು. ಪರ್ಸಿನ್ಯಾಗ ಇಟಗೊಂಡು ಬಂದೀನಿ, ತಡೀರಿ.

— ಇದು ಕಪಾಟದ ಹಿಡಿಕಿ ಅಲ್ಲೇನು?

— ಹೌದ್ರಿ. ತಮ್ಮ ಹೊಸಾ ಮನಿ ಕಟ್ಟಿಸಾಕತ್ತಾನ. ಅಡಗಿಮನಿ ಕಪಾಟಕ್ಕ ಹಿಡಿಕಿ ಆರಸಾಕ ಹಾರ್ಡವೇರ್ ಅಂಗಡಿಗೆ ಕರಕೊಂಡು ಹೋಗಿದ್ದ. ಮೊಳಿ, ಸ್ಕ್ರೂ, ಚಿಲಕದ ನಡುವ ಒಂದು ಡಬ್ಬಿಯಾಗ ಇವಿದ್ದವು. ಆ ಹೂವ ಅನಿಸ್ತು. ಹಾಳಿ ಪಕ್ಕ ಇಟ್ಟು ನೋಡ್ರಿ.

— ತಾ ಇಲ್ಲೆ, ಬೆಳಕಿಗೆ. ಅರೇ. ಐದು ಎಸಳು. ಮೊದಲು ಕಡುನೀಲಿ ಗೆರಿ, ಆಮ್ಯಾಲ ಒಳಗ ತುಂಬ್ಯಾರ. ಗೆರಿ ಶುರು ಆದ ಕಡೆ ದಪ್ಪ, ಮುಗಿಯೂ ಕಡೆ ಸಣ್ಣ. ಕುಂಚದ ಗೆರೀನ ಇದು, ಅಚ್ಚಲ್ಲ. ಸುತ್ತಿನ ಆ ಹಸರು-ನೀಲಿನೂ ಅದ. ತಂಗಿ, ನಿನ್ನ ಕಣ್ಣು ಚಲೋ ಐತಿ. ಜೈಪುರದ ನೀಲಿ ಕುಂಬಾರಿಕಿ ಇದು.

— ಅಷ್ಟು ಖಾತ್ರಿ ಹೆಂಗ ಹೇಳತೀರಿ?

— ಆ ಹಸರು-ನೀಲಿನ ಸಾಕ್ಷಿ. ಕಡುನೀಲಿ ಕೋಬಾಲ್ಟಿಂದು. ಅದು ಯಾವ ಮೆರುಗಿನಾಗ ಹಾಕಿದ್ರೂ ನೀಲೀನ, ಚಿಟಿಕಿ ಸಾಕು. ಹಸರು-ನೀಲಿ ಮಾತ್ರ ತಾಮ್ರದ್ದು. ತಾಮ್ರ ಸೀಸದ ಮೆರುಗಿನಾಗ ಬರೇ ಹಸರು ಆಕ್ಕೈತಿ. ಕ್ಷಾರದ ಮೆರುಗಿನಾಗ ಹಾಕಿದ್ರ ಮಾತ್ರ ಹಿಂಗ ಬರತೈತಿ. ಆ ಕ್ಷಾರದ ಮೆರುಗು ಮಣ್ಣಿನ ಮೈಮ್ಯಾಲ ಸರಿಯಾಗಿ ಕೂಡಂಗಿಲ್ಲ, ಆರೂ ಮುಂದ ಬಲಿ ಬಲಿ ಬಿರಿಯತೈತಿ. ಅದಕ್ಕ ಹಿಂದಿನವ್ರು ಮಣ್ಣನ್ನ ಬಿಟ್ಟ ಬಿಟ್ರು. ಬೆಣಚುಕಲ್ಲು ಕುಟ್ಟಿದ ಪುಡಿ, ಗಾಜಿನ ಪುಡಿ, ಒಂದೀಟು ಮುಲ್ತಾನಿ ಮಟ್ಟಿ, ಅಂಟು, ಇವನ್ನ ನಾದಿ ಹಿಟ್ಟು ಮಾಡತಾರ. ಹಿಗ್ಗಂಗಿಲ್ಲ, ತಿಗರಿ ಮ್ಯಾಲ ಏಳಂಗಿಲ್ಲ. ಚಪಾತಿ ಹಂಗ ಲಟ್ಟಿಸಿ ಅಚ್ಚಿನಾಗ ಒತ್ತತಾರ. ಒಣಗಿಸಿ, ತಿಕ್ಕಿ, ಬಿಳೀ ಲೇಪ ಕೊಟ್ಟು, ಅಳಿಲಿನ ಕೂದಲದ ಕುಂಚದಾಗ ಬರೀತಾರ. ಮ್ಯಾಲ ಮೆರುಗು ಹಚ್ಚಿ ಸುಮಾರು 850 ಡಿಗ್ರಿಗೆ ಒಂದ ಸಲ ಸುಡತಾರ. ಬರಿಯೂ ಮುಂದ ನೀಲಿ ಕಾಣಂಗಿಲ್ಲ ಗೊತ್ತೇನು? ಬೂದುಗಪ್ಪು ಇರತೈತಿ. ನೀಲಿ ಆಗೂದು ಬೆಂಕ್ಯಾಗ.

— ಹಂಗಾದ್ರ ಇದು ಮಣ್ಣ ಅಲ್ಲ!

— ಬಹುತೇಕ ಕಲ್ಲು, ಗಾಜು. ನಿಮ್ಮ ಕುಂಬಾರ ಕಾಕಾ ಎಷ್ಟು ಹದ ಮಾಡಿದ್ರೂ ಬರತಿರಲಿಲ್ಲ, ಅವನ ಕೈ ಕಮ್ಮಿ ಅಂತಲ್ಲ. ಈ ಪಾಕ ಭಾಳ ಹಳೇದು. ಹರಪ್ಪಾ, ಮೊಹೆಂಜೊದಾರೊದವ್ರು 4000 ವರ್ಷದ ಹಿಂದನ ಇಂಥಾ ಬೆಣಚಿನ ಪುಡಿಯಾಗ ತಾಮ್ರ ಸೇರಿಸಿ ಹಸರು-ನೀಲಿ ಬಳಿ, ಮಣಿ ಮಾಡತಿದ್ರು. ಫಯಾನ್ಸ್ ಅಂತಾರ. ಅಂದ್ರ ನಿನ್ನ ಬಿಲ್ಲಿ ಈ ಕಾಲದ ಫ್ಯಾಶನ್ ಅಲ್ಲ. ಆಮ್ಯಾಲ ಪರ್ಶಿಯಾದ ಕಡಿಂದ ಅದ ಬಣ್ಣ ಹೆಂಚಿನ ರೂಪದಾಗ ನಮ್ಮ ನಾಡಿಗೂ ಬಂತು. ಬೀದರಿನ ಮಹಮೂದ್ ಗವಾನ್ ಮದರಸಾ ನೋಡೀಯಿಲ್ಲೋ? 1472ರದು. ಸಿಡಿಮದ್ದಿಗೆ ಅರ್ಧಾ ಹಾರಿ ಹೋದ್ರೂ ಮಿನಾರದ ಮ್ಯಾಲ ಇನ್ನೂ ನೀಲಿ ತುಂಡು ಹೊಳೀತಾವ. ಟೂರಿಗೆ ಹುಡುಗರನ್ನ ಕರಕೊಂಡು ಹೋದಾಗ ಬಣ್ಣದ ಪೆಟ್ಟಿಗಿ ತಗಸಿ, ಆ ನೀಲಿ ಕಲಸ್ರಿ ನೋಡೂಣು ಅಂದೆ. ಒಬ್ಬಗೂ ಬರಲಿಲ್ಲ, ನನಗೂ ಬರಲಿಲ್ಲ.

— ಜೈಪುರಕ್ಕ ಹೆಂಗ ಹೋತು?

— 19ನೇ ಶತಮಾನದಾಗ ಅಲ್ಲಿ ರಾಜರು ಕರಸಿ ಬೆಳಸಿದ್ರು. ಸ್ವಾತಂತ್ರ್ಯ ಬರೂ ಹೊತ್ತಿಗೆ ಕುಲುಮಿ ಆರಾಕ ಬಂದಿತ್ತು. ಎತ್ತಿ ನಿಲ್ಲಿಸಿದವ್ರಾಗ ಒಬ್ಬಾಕಿ ನಮ್ಮ ಹೆಣಮಗಳು, ಕಮಲಾದೇವಿ ಚಟ್ಟೋಪಾಧ್ಯಾಯ. 1903ರಾಗ ಮಂಗಳೂರಾಗ ಹುಟ್ಟಿದಾಕಿ. 1952ರಾಗ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಆಕೀನ ಮೊದಲ ಅಧ್ಯಕ್ಷಿ. ಕೈಯಾಗ ಕುಂಚ ಹಿಡದು ಕಲಿಸಿದಾಂವ ಕೃಪಾಲ್ ಸಿಂಗ್ ಶೇಖಾವತ್, ಚಿತ್ರಕಾರ. 1974ರಾಗ ಪದ್ಮಶ್ರೀ ಬಂತು ಅವರಿಗೆ. ಹಂಗಂತ ಈ ಹಿಡಿಕಿ ಅವರ ಕೈಯಾಗಿಂದು ಅನ್ನಬ್ಯಾಡ ಮತ್ತ.

— ಅನ್ನಂಗಿಲ್ರಿ. ಆದ್ರ ಇಷ್ಟು ದೊಡ್ಡ ಕಸಬು ಕಡೀಕ ಕಪಾಟದ ಹಿಡಿಕಿ ಆಗಿ ಮುಂಡರಗಿಗೆ ಬಂತಲ್ಲ.

— ಯಾಕ, ಕಮ್ಮಿ ಆತೇನು? ಹೂದಾನಿ ಶ್ರೀಮಂತರ ಶೋಕೇಸಿನ್ಯಾಗ ಕುಂದರತೈತಿ. ಹಿಡಿಕಿಯನ್ನ ನಿನ್ನ ತಮ್ಮನ ಹೇಣ್ತಿ ದಿನಾ ಮುಟ್ಟತಾಳ, ಹಿಟ್ಟಿನ ಕೈಲೆ ಜಗ್ಗತಾಳ. ಕುಲುಮಿ ಉರಿಯೂದು ಇಂಥಾ ಸಣ್ಣ ಸಾಮಾನದ ಮ್ಯಾಲ. ಹಿಡಿಕಿ, ಹೆಂಚು, ಮಣಿ, ಬಿಲ್ಲಿ. ಕೃಪಾಲ್ ಸಿಂಗರ ಹೂದಾನಿ ಮ್ಯೂಸಿಯಮ್ಮಿಗೆ ಸಾಕು, ಹೊಟ್ಟಿಗೆ ಸಾಲಂಗಿಲ್ಲ.

— ಹಿಡಿಕಿ ಡಬ್ಬಿ ಮ್ಯಾಲ ಜೈಪುರದ ಹೋಲ್‌ಸೇಲ್ ವ್ಯಾಪಾರಿ ನಂಬರ್ ಇತ್ತು. ಹಾಳಿ ಫೋಟೋ ಹೊಡದು ಕಳಸಿದೆ. ಸಂಜಿಕೇ ಉತ್ತರ ಬಂತು. ಇಲ್ಲೆ ನೋಡ್ರಿ ಅವರ ಪಟ್ಟಿ. ‘ಪೆಂಡೆಂಟ್, ದುಂಡು’. ಅದ ಅಲ್ಲೇನ್ರಿ?

— ಅಚ್ಚು ಅದ. ಅಂಚಿನ ಕಟ್ಟು ನೋಡು, ಅದ. ಹೂವು ಮಾತ್ರ ಅದಲ್ಲ. ಹಾಳ್ಯಾಗಿನ ಹೂವಿನ ಈ ಎಸಳಿಗೆ ಗೆರಿ ಕೂಡಿಲ್ಲ, ಬಾಯಿ ತೆರದೈತಿ. ಇದರಾಗ ಎಲ್ಲಾ ಎಸಳೂ ಮುಚ್ಚ್ಯಾವ. ಬ್ಯಾರೆ ಕೈ, ಇಲ್ಲಾ ಅದ ಕೈ ಬ್ಯಾರೆ ದಿನ.

— ಅಂದ್ರ ಹಾಳ್ಯಾಗಿಂದ ಸಿಗಂಗಿಲ್ಲ.

— ಅದು ಆ ಸ್ವಂತ ಸಂಗ್ರಹದವರ ಮನ್ಯಾಗ ಇರ್ಲಿ ಬಿಡು. ನಾ ತ್ರಿಕೂಟೇಶ್ವರ ಗುಡಿಗೆ ಹುಡುಗರನ್ನ ಕರಕೊಂಡು ಹೋಗಿ ಸರಸ್ವತಿ ಮೂರ್ತಿ ಕೊರಳಿನ ಹಾರ ಬರಸತಿದ್ದೆ. ಎಷ್ಟು ಸುತ್ತು, ಎಷ್ಟು ಪದಕ ಎಲ್ಲಾ ಬರೀತಿದ್ರು. ಅದು ಬಂಗಾರೋ, ಮುತ್ತೋ, ಬರೇ ಮಣಿಯೋ ಅಂತ ಕಲ್ಲು ನೋಡಿ ಯಾರೂ ಹೇಳಾಕ ಬರಂಗಿಲ್ಲ. ಫೋಟೋನೂ ಹಂಗ. ಆಕಾರ ಕೊಡತೈತಿ, ಬಣ್ಣ ಕೊಡತೈತಿ. ತೂಕ, ತಂಪು, ಹಿಂಬದಿ ಕೊಡಂಗಿಲ್ಲ. ಹಿಂಬದಿ ಫೋಟೋ ಕಳಸ್ರಿ ಅಂತ ಕೇಳು ಮೊದಲು. ಹಿಂದ ಮೆರುಗು ಇಲ್ದಿದ್ರ ಬೆವರು ಹೀರತೈತಿ, ಕಲಿ ಬೀಳತೈತಿ. ಕೊಂಡಿ ಅಂಟಿಸ್ಯಾರೋ, ತೂತು ಇಟ್ಟ ಸುಟ್ಟಾರೋ ಅದನ್ನೂ ಕೇಳು. ಅಂಟಿಸಿದ್ದಾದ್ರ ಬ್ಯಾಡ. ಮತ್ತ, ಬರದವ್ರ ಹೆಸರು ಕೇಳು.

— ಕೇಳೀನ್ರಿ ಅದನ್ನ. ‘ನಮ್ಮ ಆರ್ಟಿಸ್ಟು’ ಅಂತ ಬರದು ಕೈಮುಗಿಯೂ ಚಿತ್ರ ಹಾಕ್ಯಾರ.

— ಇನ್ನೊಮ್ಮೆ ಕೇಳು. ಹೆಸರು ಹೇಳಿದ್ರ ಮಾತ್ರ ತಗೋತೀನಿ ಅನ್ನು.

— ಹಂಗಂದ್ರ ಅವರು ಬಾಯಿಗೆ ಬಂದದ್ದೊಂದು ಹೆಸರು ಬರದು ಕಳಸತಾರ್ರಿ! ನಿಮಗ ಸಮಾಧಾನ ಆಕ್ಕೈತಿ, ಆ ಬರದಾಕಿಗೆ ಏನು ಬಂತು?

— ಹೂಂ. ಅದೂ ಖರೆ.

— ಅದಕ್ಕಿಂತ ದೊಡ್ಡ ತೊಡಕೈತಿ. ಒಂದು ಕೊಡಂಗಿಲ್ಲಂತ. ಡಜನ್‌ಗಿಂತ ಕಮ್ಮಿ ಕಳಸಂಗಿಲ್ಲಂತ. ಹೋಲ್‌ಸೇಲ್ ಅಲ್ರಿ.

— ಹನ್ನೆರಡು ಬಿಲ್ಲಿ ತಗೊಂಡು ಏನು ಮಾಡತಿ? ಅಡಗಿಮನಿ ಕಪಾಟಕ್ಕ ಹಾಕತೀಯೇನು?

— ಸ್ಟಾಫ್ ರೂಮಿನ್ಯಾಗ ಹೇಳೀನಿ. ಇಂಗ್ಲಿಷ್ ಮೇಡಮ್ಮಾರು ಎರಡು ಅಂದಾರ. ಗಣಿತದಾಕಿ ಮೊದಲು ನೀ ಹಾಕ್ಕೊಂಡು ಬಾ, ಆಮ್ಯಾಲ ಹೇಳತೀನಿ ಅಂದಳು. ಪಾರ್ಲರಿನಾಕಿ ಹಾಳಿ ಹರದದ್ದಕ್ಕ ಒಂದು ಕೊಡಸು ಅಂತ ಗಂಟು ಬಿದ್ದಾಳ. ಲಕ್ಷ್ಮೇಶ್ವರದ ಬಳಿ ಅಂಗಡ್ಯಾವ್ರು ನಾಕು ಇಡತೀನಿ, ಮಾರಿದ್ರ ರೊಕ್ಕ ಅಂದ್ರು. ಕುಂಬಾರ ಕಾಕಾನ ಕೆಂಪು ಮಣಿ ಅದಾವಲ್ಲ, ಚಲೋ ಉಳದವನ್ನ ಆರಿಸಿ ಬಿಲ್ಲಿ ಎರಡೂ ಬಾಜು ಪೋಣಿಸೂದು ಅಂತ ಮಾಡೀನಿ. ಬಿಳೀ-ನೀಲಿಗೆ ಆ ಕೆಂಪು ಒಪ್ಪತೈತಿ. ಅವರಿಗೆ ಮಣಿಗಿಷ್ಟು ಅಂತ ಕೊಡತೀನಿ, ಪುಕ್ಕಟ ಅಲ್ಲ.

— ಮಣ್ಣು, ಉಸುಕು ಎರಡೂ ಜರಡಿ ಹಿಡದು ಹಾಕಾಕ ಹೇಳು ಅವಗ. ಸುಣ್ಣದ ಹಳ್ಳು ಜರಡ್ಯಾಗ ಉಳೀತಾವ. ಕೊಂಡಿ?

— ಬೆಳ್ಳಿ ಕೊಂಡಿ ಆ ಸರಾಫರ ಹತ್ರನ ಮಾಡಸತೀನಿ. ತೂಕಾ ಹಾಕಾಕ ಅವರಿಗೂ ಏನಾದ್ರೂ ಬೇಕಲ್ಲ. ಗಣಿತದಾಕಿದೊಂದು, ನಂದೊಂದು ಹಿಡದ್ರೂ ಇನ್ನೂ ಮೂರು ಉಳೀತಾವ್ರಿ. ಅವ್ವಗೊಂದು ತಗೋಬೇಕಂತ ಮಾಡೀನಿ. ಬ್ಯಾಡ ಅಂತಾಳ, ಕೊಟ್ಟರ ಇಟಗೋತಾಳ.

— ನನಗೊಂದು ಬರಕೋ.

— ನಿಮಗ್ಯಾಕ್ರಿ?

— ನನಗಲ್ಲ, ಮನ್ಯಾಗಿನಾಕಿಗೆ. ಬಣ್ಣ ಮಾತ್ರ ಆಕೀನ್ನ ಕೇಳಿ ಹೇಳತೀನಿ, ನೀಲಿ ಆಕಿಗೆ ಆಗಿ ಬರಂಗಿಲ್ಲ. ಹಳದಿ ಐತೇನು ನೋಡು ಆ ಪಟ್ಟಿಯಾಗ.